ಹೊಸಿಲು ದಾಟದ ಮಾಂಸ

ಬಾಯಿಯ ಎಡಗಡೆ ತನ್ನದಲ್ಲವೆಂದು ಯೂಚೆನ್‌ಗೆ ಬೆಳಗಿನಿಂದಲೂ ಅನ್ನಿಸುತ್ತಿತ್ತು. ಮುಂದಿನ ಅಂಗಳದಲ್ಲಿ ಬಾಡಿಗೆಗಿದ್ದ ಹಲ್ಲಿನ ಡಾಕ್ಟರ್ ಫಾಂಗ್ ಅವನ ಹುಳುಕು ದವಡೆಹಲ್ಲನ್ನು ಕಿತ್ತು ಬಟ್ಟಲಿಗೆ ಟಣ್ಣೆಂದು ಬೀಳಿಸಿ, “ಮದ್ದು ಇಳಿಯೋ ತನಕ ಏನೂ ಅಗೀಬೇಡಿ. ಕೆನ್ನೆ ಕಚ್ಕೊಂಡು ರಕ್ತ ಬಂದ್ರೂ ನಿಮಗೆ ಗೊತ್ತಾಗಲ್ಲ” ಎಂದು ನಕ್ಕಿದ್ದ. ಬೇರೆ ಯಾವ ದಿನವಾದರೂ ಆಗಬಹುದಿತ್ತು. ಆದರೆ ಹಲ್ಲುನೋವು ಪೂಜೆಯ ದಿನ ನೋಡಿಕೊಂಡು ಬರುವುದಿಲ್ಲ. ಅವನು ಹಿಂದಿನ ಅಂಗಳಕ್ಕೆ ಬಂದು ನಿಂತಾಗ ಹಂದಿಯನ್ನು ಆಗಲೇ ಕೊಯ್ದು, ಭಾಗ ಮಾಡಿ, ದೊಡ್ಡ ಕಬ್ಬಿಣದ ಕಡಾಯಿಯಲ್ಲಿ ಬರೀ ನೀರಿಗೆ ಹಾಕಿ ಬೇಯಿಸುತ್ತಿದ್ದರು. ಉಪ್ಪಿಲ್ಲ, ಶುಂಠಿಯಿಲ್ಲ, ಒಂದು ಚೂರು ಈರುಳ್ಳಿಯೂ ಇಲ್ಲ. ಅದರ ಹಬೆ ಮುಖಕ್ಕೆ ಹೊಡೆದಾಗ ಬಲಗೆನ್ನೆ ಬೆಚ್ಚಗಾಯಿತು, ಎಡಗೆನ್ನೆಗೆ ಸುದ್ದಿಯೇ ಮುಟ್ಟಲಿಲ್ಲ. ಬೆರಳಿನಿಂದ ತುಟಿ ಮುಟ್ಟಿಕೊಂಡ. ಬೆರಳಿಗೆ ತುಟಿ ಗೊತ್ತಾಯಿತು, ತುಟಿಗೆ ಬೆರಳು ಗೊತ್ತಾಗಲಿಲ್ಲ. ಇದೊಂದು ಥರ ಸುಖವೇ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಿ ಕೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡ. ಅಂಗಳದ ನಡುವೆ ನೆಟ್ಟ ಕಂಬದ ತುದಿಯ ತಗಡಿನ ಬಟ್ಟಲಲ್ಲಿ ಹಂದಿಯ ಕರುಳನ್ನು ಇಟ್ಟಿದ್ದರು. ಕಾಗೆಗಳು ಬಂದಿದ್ದವು. ಅಪ್ಪನಿಗೆ ಅಷ್ಟರಮಟ್ಟಿಗೆ ಸಮಾಧಾನ.

ಅಪ್ಪ ಜಗಲಿಯ ಮೇಲೆ ಕುರ್ಚಿಯಲ್ಲಿ ಕೂತಿದ್ದ. ಲಕ್ವ ಹೊಡೆದ ಬಲಗೈಯನ್ನು ಯಾರೋ ತೊಡೆಯ ಮೇಲೆ ಇಟ್ಟು ಹೋಗಿದ್ದರು, ಅದು ಇಟ್ಟಲ್ಲೇ ಇತ್ತು. ಮಂಚು ಚಕ್ರವರ್ತಿ ಇದ್ದ ಕಾಲದಲ್ಲಿ ಅಪ್ಪನೂ ದೊರೆ, ಸಿಂಹಾಸನದ ಸ್ವಂತ ರಕ್ತ. ಈಗ ಕಲ್ಲಿನ ಸಿಂಹಗಳಿದ್ದ ಹೆಬ್ಬಾಗಿಲು ಒಂದು ಶಾಲೆಯ ಪಾಲು, ತೋಟ ಹತ್ತಿ ವ್ಯಾಪಾರಿಯ ಪಾಲು, ಉಳಿದಿದ್ದು ಕುದುರೆ ಲಾಯದ ಕಡೆಯ ಎರಡು ಅಂಗಳ ಮತ್ತು ಓಣಿಗೆ ತೆರೆಯುವ ಒಂದು ಬಾಗಿಲು. ಶರತ್ಕಾಲದಲ್ಲಿ ಅಪ್ಪ ಸೊಟ್ಟಬಾಯಲ್ಲಿ, “ಒಂದ್ಸಲ. ಇನ್ನೊಂದೇ ಸಲ” ಎಂದಿದ್ದ. ಈ ಪೂಜೆಯ ಮಾತೆಂದು ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ಹಂದಿಯ ಕಿವಿಗೆ ಮದ್ಯ ಹೊಯ್ದಾಗ ಅದು ಸುಮ್ಮನೆ ಮಲಗಿಯೇ ಇತ್ತು. ಕಿವಿ ಒದರಿದರೆ ದೇವರು ಒಪ್ಪಿದ ಹಾಗೆ. ಮಂತ್ರ ಹೇಳುವ ಮುದುಕಿ ಇನ್ನೊಮ್ಮೆ ಹೊಯ್ದಳು. ಹಂದಿಗೆ ಪೂಜೆ ಬೇಕಿರಲಿಲ್ಲ. ಕೊನೆಗೆ ಅಡುಗೆಯವನು ಮದ್ಯವನ್ನು ಬಿಸಿ ಮಾಡಿ ತಂದುಕೊಟ್ಟ, ಕಿವಿ ಪಟಪಟನೆ ಬಡಿಯಿತು. ಎಲ್ಲರೂ ಸಂತೋಷದ ಸದ್ದು ಮಾಡಿದರು. ಮುದುಕಿ ಹೇಳುತ್ತಿದ್ದ ಮಂಚು ಮಾತು ಯೂಚೆನ್‌ಗೆ ಒಂದಕ್ಷರ ತಿಳಿಯಲಿಲ್ಲ. ತನ್ನ ಭಾಷೆಯೆಂದು ಹೇಳಿಕೊಳ್ಳುವ ಅದನ್ನು ಅವನು ಹಬೆಯ ಹಾಗೆ ಮುಖದ ಮೇಲೆ ಹಾಯಿಸಿಕೊಂಡು ನಿಂತಿದ್ದ.

“ಏನೋ, ಬಾಯಿ ಸೊಟ್ಟಗಿದೆ? ನಿಂಗೂ ಹೊಡೀತಾ ಲಕ್ವ?” ದೊಡ್ಡಕ್ಕ ಪಕ್ಕಕ್ಕೆ ಬಂದು ಕೇಳಿದಳು. ಎರಡೂ ಕಿವಿಗೆ ಮೂರು ಮೂರು ಓಲೆ ಹಾಕಿಕೊಂಡು, ಮದುವೆಯಾಗದೆ ಐವತ್ತು ದಾಟಿದವಳು. ಇಂಥ ಮನೆಗಳಲ್ಲಿ ಮದುವೆಯಾಗದ ಮಗಳ ಮಾತಿಗೆ ಎದುರಿಲ್ಲ.

“ಹಲ್ಲು ಕೀಳಿಸ್ದೆ, ದೊಡ್ಡಕ್ಕ.”

“ವರ್ಷಾನುಗಟ್ಲೆ ಆದ್ಮೇಲೆ ಮನೇಲಿ ಹಂದಿ ಬೇಯ್ತಾ ಇದೆ, ಇವ್ನು ಹೋಗಿ ಹಲ್ಲು ಕೀಳಿಸ್ಕೊಂಡು ಬಂದ! ನಿನ್ನ ಹಣೆಬರಹ ಬರ್ದೋನ್ನ ಹುಡುಕ್ಕೊಂಡು ಹೋಗಿ ಒದೀಬೇಕು. ಹೋಗು, ಬಂದೋರ ಕಡೆ ನೋಡು. ಏಳನೇ ಚಿಕ್ಕಪ್ಪ ತೋಳಲ್ಲಿ ಏನೋ ಬಚ್ಚಿಟ್ಕೊಂಡಿದಾನೆ.”

ಚಿಕ್ಕಪ್ಪ ಬಚ್ಚಿಟ್ಟುಕೊಂಡಿದ್ದು ಸೋಯಾ ರಸದಲ್ಲಿ ನೆನೆಸಿ ಒಣಗಿಸಿದ ಕಾಗದ. ಅದನ್ನು ಮಾಂಸದ ತುಂಡಿಗೆ ಕದ್ದು ಉಜ್ಜಿದರೆ ಉಪ್ಪು ಹತ್ತುತ್ತದೆ. ಅವನು ಯಾವಾಗಲೂ ಹಾಗೆಯೇ ತಿನ್ನುತ್ತಿದ್ದವನು, ಅರಮನೆಯಲ್ಲಿ ಚಕ್ರವರ್ತಿಯ ಎದುರಿಗೂ. ಬಂದವರು ಹತ್ತು ಹನ್ನೆರಡು ಜನ ಇದ್ದರೇನೋ, ಎಲ್ಲ ಮುದುಕರು. ನೆಲಕ್ಕೆ ಹಾಸಿದ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸೊಂಟದಿಂದ ತಮ್ಮ ತಮ್ಮ ಚೂರಿ ತೆಗೆದಿದ್ದರು. ಬಾಗಿಲು ಹಾರುಹೊಡೆದಿತ್ತು. ಈ ದಿನ ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಒಳಗೆ ಬಂದು ಕೂತು ತಿನ್ನಬಹುದು, ಯಾರು ನೀನು ಎಂದು ಕೇಳುವಂತಿಲ್ಲ. ತಿಂದವನು ಉಪಕಾರವಾಯಿತೆಂದು ಹೇಳುವಂತಿಲ್ಲ, ಯಾಕೆಂದರೆ ಕೊಟ್ಟವನು ಯಜಮಾನನಲ್ಲ, ದೇವರು. ಬಾಯಿ ಒರೆಸಿಕೊಳ್ಳುವಂತಿಲ್ಲ. ಹೋಗಿ ಬರುತ್ತೇನೆ ಎನ್ನುವಂತಿಲ್ಲ. ಎದ್ದು ಹೋಗಿಬಿಡಬೇಕು. ಮಾಂಸದ ಒಂದು ಎಳೆಯೂ ಹೊಸಿಲು ದಾಟಬಾರದು. ಬಾಡಿಗೆಯ ಫಾಂಗ್ ಮಾತ್ರ ದಕ್ಷಿಣದವನು, ಒಂದು ತುಂಡು ಕಷ್ಟಪಟ್ಟು ನುಂಗಿ, ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, ಎದ್ದು ನಿಂತು ಅಪ್ಪನ ಕಡೆ ಬಗ್ಗಿ, “ಬಹಳ ಉಪಕಾರ ಆಯ್ತು ದೊರೆಗಳೇ, ಊಟ ಭರ್ಜರಿ” ಅಂದ. ಚೂರಿಗಳೆಲ್ಲ ನಿಂತುಹೋದವು. ಅಪ್ಪ ಕಣ್ಣು ಮುಚ್ಚಿದ. “ಹಲ್ಲಿಗೆ ಮದ್ದು ಗೊತ್ತು ಈ ಪ್ರಾಣಿಗೆ, ನಾಲಿಗೆಗೆ ಗೊತ್ತಿಲ್ಲ” ಎಂದು ದೊಡ್ಡಕ್ಕ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಫಾಂಗ್ ನಗುತ್ತಲೇ ಇದ್ದ. ಅವನ ಬದಲಿಗೆ ನಾಚಿಕೆಪಟ್ಟವನು ಯೂಚೆನ್. ಬೇರೆಯವರ ಪಾಲಿನ ನಾಚಿಕೆಯನ್ನು ಅವನು ಚಿಕ್ಕಂದಿನಿಂದ ತನ್ನ ಲೆಕ್ಕಕ್ಕೇ ಹಾಕಿಕೊಳ್ಳುತ್ತಿದ್ದ.

ಟ್ರಾಮ್ ಕಂಪನಿಯ ಟಿಕೆಟ್ ಕಚೇರಿಯಲ್ಲಿ ಅವನು ಜಿನ್ ಎಂಬ ಹೆಸರಿನ ಗುಮಾಸ್ತ. ಅಲ್ಲಿ ಅವನು ಯಾರೆಂದು ಯಾರಿಗೂ ಗೊತ್ತಿಲ್ಲ, ಮೊಣಕಾಲಿಗೆ ಮಾತ್ರ ಗೊತ್ತು. ಸೇರಿದ ಹೊಸದರಲ್ಲಿ ಕಸ ಗುಡಿಸುವವನು “ಚೆನ್ನಾಗಿದೀರಾ?” ಅಂದದ್ದಕ್ಕೆ ಇವನ ಎಡಗಾಲು ತಾನಾಗಿ ಮುಂದೆ ಹೋಗಿ, ಬಲಮೊಣಕಾಲು ಬಗ್ಗಿ, ಕೈ ನೆಲದ ಕಡೆ ಇಳಿದಿತ್ತು. ಪೆನ್ಸಿಲ್ ಬಿತ್ತು ಎಂದು ಹೇಳಿ ಇಲ್ಲದ ಪೆನ್ಸಿಲನ್ನು ಮೇಜಿನ ಕೆಳಗೆ ಹುಡುಕಿದ್ದ. ಕ್ಷೇಮ ಕೇಳಿದವರಿಗೆ ಉತ್ತರ ಕೊಡದೆ ಇರುವುದು ಅವನಿಂದ ಆಗದ ಕೆಲಸ. ಅಮ್ಮನನ್ನು ಅವನು ನೋಡುತ್ತಿದ್ದುದೇ ಬೆಳಿಗ್ಗೆ ಕ್ಷೇಮ ಕೇಳುವುದಕ್ಕೆ. ಬಾಗಿಲಲ್ಲಿ ನಿಂತು, ಬಗ್ಗಿ, ಎದ್ದು, ಹಿಂದಕ್ಕೆ ನಡೆದು ಹೊರಟು ಬರುವುದು. ಅಮ್ಮನ ಉಗುರುಗವಸು ನೆನಪಿದೆ, ಮುಖ ಅಷ್ಟು ನೆನಪಿಲ್ಲ. ವಾಸನೆ ಅಂತ ನೆನಪಿರುವುದು ಇನ್ನೊಬ್ಬಳದು.

ಆಗಲೇ ಆ ಮನುಷ್ಯ ಒಳಗೆ ಬಂದದ್ದು. ಕುತ್ತಿಗೆಯ ಮಡಿಕೆಗಳಲ್ಲಿ ಕಲ್ಲಿದ್ದಲಿನ ಮಸಿ, ಕಾಲಿಗೆ ಹಗ್ಗ ಸುತ್ತಿದ ಜೋಡು, ಕೈಯಲ್ಲಿ ಟೋಪಿ. ಯಾರ ಮುಖವನ್ನೂ ನೋಡದೆ ಜಮಖಾನದ ತುದಿಯಲ್ಲಿ ಕೂತು, ಜೋಡಿನೊಳಗಿಂದ ಚೂರಿ ತೆಗೆದು, ತಟ್ಟೆಯಿಂದ ಕೊಬ್ಬಿನ ತುಂಡೊಂದನ್ನು ಕಾಗದದಷ್ಟು ತೆಳ್ಳಗೆ ಕೊಯ್ದು ಬಾಯಿಗಿಟ್ಟುಕೊಂಡ. ಬಳಗದ ಮುದುಕರು ತಲೆದೂಗಿದರು. ಈ ಕಾಲದಲ್ಲೂ ಗೊತ್ತಿರೋರು ಇದ್ದಾರಲ್ಲ ಎಂಬಂತೆ ಅಪ್ಪನೂ ಎಡಗೈ ಬೆರಳನ್ನು ಸ್ವಲ್ಪ ಎತ್ತಿದ. ಯೂಚೆನ್ ಸಾರಿನ ಬಟ್ಟಲು ಹಿಡಿದು ಅವನ ಹತ್ತಿರ ಬಗ್ಗಿದಾಗ ಅವನು ತಟ್ಟೆಯಿಂದ ಕಣ್ಣೆತ್ತದೆ ಹೇಳಿದ:

“ಚಿಕ್ಕದೊರೆ, ನಾನು ಷುವಾನ್‌ಜು. ನಿಮ್ಮ ಹಾಲವ್ವನ ಮಗ.”

ಬಟ್ಟಲು ಅಲುಗಲಿಲ್ಲ. ಏನಾದರೂ ಆಗಬೇಕಿತ್ತು ಎಂದು ಯೂಚೆನ್ ಕಾದ. ಏನೂ ಆಗಲಿಲ್ಲ. ಒಂದೇ ತಿಂಗಳಲ್ಲಿ ಹುಟ್ಟಿದವರು ತಾವಿಬ್ಬರೂ. ಇವನ ಪಾಲಿನ ಹಾಲನ್ನು ತಾನು ಕುಡಿದದ್ದು, ಇವನು ಹಳ್ಳಿಯಲ್ಲಿ ನವಣೆ ಗಂಜಿ ಕುಡಿದು ಬದುಕಿಕೊಂಡದ್ದು. ಅದು ಗೊತ್ತಿದ್ದ ವಿಷಯವೇ. ಗೊತ್ತಿದ್ದ ವಿಷಯ ಹೀಗೆ ಬಂದು ಜಮಖಾನದ ಮೇಲೆ ಕೂತು ಕೊಬ್ಬು ತಿನ್ನುತ್ತದೆಂದು ಮಾತ್ರ ಅಂದುಕೊಂಡಿರಲಿಲ್ಲ.

“ಹಾಲವ್ವ?” ಎಂದು ಕೇಳಿದ. ಒಂದು ಕಡೆಯ ತುಟಿಯಿಂದ ಮಾತು ಸೋರಿತು.

“ಅವಳೂ ಬಂದಿದಾಳೆ. ಹೊರಗೆ ಗಾಡೀಲಿದಾಳೆ. ಕಣ್ಣು ತೋರ್ಸಕ್ಕೆ ಅಂತ ಕರ್ಕೊಂಬಂದಿದ್ದೆ, ಇನ್ನು ಬರಲ್ಲ ಅಂದ್ರು ಕಣ್ಣು. ವಾಪಸ್ ಹೋಗೋ ದಾರೀಲಿ ಈ ಓಣಿ ಬಾಯಿಗೆ ಬಂದ್ಲು ನೋಡಿ, ಗಾಡಿ ನಿಲ್ಸು ಅಂದ್ಲು. ಇವತ್ತು ಅಲ್ಲಿ ಹಂದಿ ಬೇಯ್ತಾ ಇದೆ ಅಂದ್ಲು. ವಾಸನೇಲೇ ಹೇಳಿದ್ಲು, ಮಾರಾಯ್ರೆ!”

“ಒಳಗೆ ಕರ್ಕೊಂಡು ಬಾ ಮತ್ತೆ.”

“ಬರಲ್ಲ ಅಂತಾಳೆ. ಮಂಡಿನೋವು ಅಂತ ಸೊಸೆ ಅವಳ ಚಲ್ಲಣದ ಒಳಗೆ ನಾಯಿ ಚರ್ಮ ಸೇರ್ಸಿ ಹೊಲ್ದುಬಿಟ್ಟಿದಾಳೆ, ಇನ್ನು ಬೇಸಿಗೆಗೇ ಬಿಚ್ಚೋದು. ನಾಯಿ ಚರ್ಮ ಉಟ್ಕೊಂಡು ಆ ಹೊಸಿಲು ತುಳೀತೀನಾ, ದೊರೆ ಮನೆ ದೇವ್ರು ಎದ್ದು ಹೋಗುತ್ತೆ ಅಂತ ನಂಗೇ ಬೈತಾಳೆ.” ಷುವಾನ್‌ಜು ಚೂರಿಯನ್ನು ಬೆರಳಿನಿಂದ ಸವರಿದ. “ಒಂದು ತುತ್ತು ಇದು ಬೇಕಂತೆ ಅವಳಿಗೆ. ನಾವು ಹಬ್ಬಕ್ಕೆ ಹಂದಿ ತಂದ್ರೆ, ಉಪ್ಪು ಹಾಕದೆ ಬೇಯ್ಸಿ ಕೊಟ್ರೂ, ಇದಲ್ಲ ಇದಲ್ಲ ಅಂತಾಳೆ. ನೀವು ಮನಸ್ಸು ಮಾಡಿದ್ರೆ...” ಅಲ್ಲಿಗೆ ನಿಲ್ಲಿಸಿ ಇನ್ನೊಂದು ತುಂಡು ಕೊಯ್ದ.

ಆಗ ಹಾಲವ್ವ ಇರುತ್ತಿದ್ದ, ಅಡುಗೆಮನೆಯ ಪಕ್ಕದ ಕೋಣೆ. ಕಿಟಕಿಯ ಕಾಗದಕ್ಕೆ ತಾಗಿದ ಬಿಸಿಲು. ದಿನವೂ ಒಂದು ಬೋಗುಣಿ ತುಂಬ ಬೇಯಿಸಿದ ಹಂದಿಯ ತೊಡೆ, ಉಪ್ಪಿಲ್ಲದೆ, ಹಾಲು ಗಟ್ಟಿಯಾಗಿ ಬರಲೆಂದು. ಬೋಗುಣಿ ಬರಿದಾಗುವವರೆಗೆ ಮೇಲ್ವಿಚಾರಣೆಯ ಮುದುಕಿ ಎದುರಿಗೇ ನಿಂತಿರುತ್ತಿದ್ದಳು. ಹಾಲವ್ವ ಪ್ರತಿ ತುತ್ತಿಗೂ ಮೂಗು ಸುಕ್ಕಿಸಿ, ಒಂದು ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ ಒಂದು ಮುಖ ಮಾಡುತ್ತಿದ್ದಳು, ಅವಳ ತೊಡೆಯ ಮೇಲಿದ್ದ ಇವನು ಬಿದ್ದು ಬಿದ್ದು ನಗುತ್ತಿದ್ದ. ತನ್ನನ್ನು ನಗಿಸಲಿಕ್ಕೇ ಆ ಮುಖವೆಂದು ತಿಳಿದಿದ್ದ. ವಾಕರಿಕೆ ತಡೆಯುವುದಕ್ಕೆಂದು ಹೊಳೆದದ್ದು ತನಗೇ ಮೀಸೆ ಬಂದಮೇಲೆ, ಟ್ರಾಮಿನಲ್ಲಿ ನೇತಾಡುತ್ತಿದ್ದಾಗ, ಕಾರಣವಿಲ್ಲದೆ. ಎಂಟನೇ ವಯಸ್ಸಿನವರೆಗೆ ಅವನು ಹಾಲು ಕುಡಿದ. ಅವಳನ್ನು ಕಳಿಸಿದ್ದೂ ಇಂಥದೇ ಒಂದು ಪೂಜೆಯ ದಿನ. ಯಾರೋ ಸೋರೆ ಬುರುಡೆಯೊಳಗಿಟ್ಟು ಸಾಕುವ, ಹಾಡುವ ಹುಳುವನ್ನು ತಂದುಕೊಟ್ಟಿದ್ದರು. ಅವನು ಅದನ್ನು ಎದೆಗೆ ಇಟ್ಟುಕೊಂಡು ಅಂಗಳದ ತುಂಬ ಓಡಾಡುತ್ತಿದ್ದ. ಅವಳು ಗಂಟು ಹಿಡಿದು, ತಿಂದು ಹೊರಡುವವರ ನಡುವೆ ನಡೆದು ಬಾಗಿಲು ದಾಟಿದಳು. ಆ ದಿನ ಯಾರೂ ಯಾರಿಗೂ ಹೋಗಿ ಬರುತ್ತೇನೆ ಎನ್ನುವುದಿಲ್ಲವಲ್ಲ. ಸಂಜೆ ಕೇಳಿದಾಗ “ಹೋದ್ಲು” ಎಂದರು. ಅವನು ಬುರುಡೆಯನ್ನು ಕಿವಿಗೆ ಹಿಡಿದುಕೊಂಡ. ಹುಳು ಹಾಡುತ್ತಿತ್ತು. “ಜಾಣ ನಮ್ಮ ಹುಡ್ಗ, ಒಂದು ಹನಿ ಅಳ್ಲಿಲ್ಲ” ಎಂದು ದೊಡ್ಡಕ್ಕ ಎಲ್ಲರ ಎದುರಿಗೆ ಹೊಗಳಿದಳು. ಆ ಹೊಗಳಿಕೆಯನ್ನು ಅವನು ಎಲ್ಲಿಯೂ ಇಳಿಸಲಾರದೆ ಇವತ್ತಿನವರೆಗೂ ಹೊತ್ತುಕೊಂಡು ಬಂದಿದ್ದ. ಆಮೇಲೆ ಅಮ್ಮ ಸತ್ತಾಗಲೂ ಅಳು ಬರಲಿಲ್ಲ, ಹೆಂಡತಿ ಸತ್ತಾಗಲೂ. ಆಗಲೂ ಯಾರೋ ಗಟ್ಟಿಗ ಅಂದರು.

ಅವನು ಜಗಲಿ ಹತ್ತಿ ಅಪ್ಪನ ಕುರ್ಚಿಯ ಪಕ್ಕ ನಿಂತ. “ಅಪ್ಪಾಜಿ, ಹಾಲವ್ವ ಬಂದಿದಾಳೆ. ಓಣೀಲಿದಾಳೆ.”

ಅಪ್ಪನ ಕಣ್ಣು ಕಂಬದ ತುದಿಯಿಂದ ನಿಧಾನ ಇಳಿದು ಬಂತು. ಯಾರು ಎಂದು ಕೇಳುತ್ತಾನೆಂದುಕೊಂಡಿದ್ದ, ಕೇಳಲಿಲ್ಲ. ಅಪ್ಪ ಬಹಳ ಹೊತ್ತು ಮಾತನ್ನು ಬಾಯೊಳಗೆ ಹೊರಳಿಸಿ, “ಅವ್ಳು... ಉಪ್ಪು ಕೇಳ್ತಿದ್ಲು” ಎಂದ. “ಕಾಲಿಗೆ ಬಿದ್ದಿದ್ಲು ಒಂದ್ಸಲ. ಒಂದು ಹರಳು ಉಪ್ಪಿಗೆ.”

“ಕೊಟ್ರಾ?”

“ಹ್ಯಾಗೆ ಕೊಡೋದು? ನಿಂಗೆ ಹಾಲು.”

ದೊಡ್ಡಕ್ಕ ಅಷ್ಟರಲ್ಲಿ ಬಂದಿದ್ದಳು. “ಒಳಗೆ ಬರ್ಲಿ, ಬೇಡ ಅಂದೋರ್ಯಾರು?” ನಾಯಿ ಚರ್ಮದ ವಿಷಯ ಕೇಳಿ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. “ಅಯ್ಯೋ, ಬೇಡಪ್ಪ. ಅವಳಿಗೆ ಇರೋ ಬುದ್ಧಿ ನಿಂಗಿಲ್ಲ ನೋಡು.”

“ಒಂದು ಚೂರು, ಅಪ್ಪಾಜಿ. ಬಾಗಿಲಾಚೆ. ಹತ್ತು ಹೆಜ್ಜೆ.”

ಅಪ್ಪನ ಸತ್ತ ಕೈ ತೊಡೆಯಿಂದ ಜಾರಿ ಪಕ್ಕಕ್ಕೆ ನೇತುಬಿತ್ತು. ಅಪ್ಪ ಅದನ್ನು ಎತ್ತಿಡಲು ಹೋಗಲಿಲ್ಲ. “ಹೊಸಿಲು ದಾಟಬಾರ್ದು” ಎಂದ. ಗದರಿಸಿದ್ದಲ್ಲ, ಬೇಡಿಕೊಂಡ ಹಾಗಿತ್ತು. “ಇದೊಂದು ಸಲ ಸರಿಯಾಗಿ ಆಗ್ಲಿ, ಮಗಾ. ಇನ್ನೇನು ಉಳಿದಿದೆ ನಂಗೆ?” ಯೂಚೆನ್ ಕೈಯನ್ನು ಎತ್ತಿ ತೊಡೆಯ ಮೇಲಿಟ್ಟ. ಅದು ತನ್ನ ತುಟಿಯ ಹಾಗೆಯೇ ಇತ್ತು.

ಏಳನೇ ಚಿಕ್ಕಪ್ಪ ತೇಗಿ, ಹೊಳೆಯುವ ಬಾಯಿಯಲ್ಲಿ, ಮಾತಿಲ್ಲದೆ ಎದ್ದು ಹೊರಟ. ಅವನ ಹಿಂದೆ ಇನ್ನಿಬ್ಬರು. ಹೋಗುವವರ ಹೊಟ್ಟೆಯೊಳಗೆ ಮಾಂಸ ಹೊಸಿಲು ದಾಟುತ್ತಲೇ ಇತ್ತು, ಯಾವ ದೇವರೂ ತಡೆಯುತ್ತಿರಲಿಲ್ಲ. ಯೂಚೆನ್ ಅದನ್ನು ನೋಡುತ್ತ ನಿಂತ. ಯೋಚನೆ ಮಾಡಿದನೆಂದು ಹೇಳಲಾಗದು. ಷುವಾನ್‌ಜು ಕೂಡ ಎದ್ದು, ಇವನ ಕಡೆ ನೋಡದೆ, ಟೋಪಿ ಎತ್ತಿಕೊಂಡು ಹೊರಟಾಗ, ಯೂಚೆನ್ ತಟ್ಟೆಯ ಹತ್ತಿರ ಕೂತು, ಅವನು ಕೊಯ್ದು ಉಳಿಸಿದ ಮೆತ್ತನೆಯ ಕೊಬ್ಬಿನ ತುಂಡನ್ನು ಬಾಯಿಗೆ ಹಾಕಿಕೊಂಡು ಎಡಗೆನ್ನೆಗೆ ನೂಕಿದ. ಅಲ್ಲಿ ಅದು ಭದ್ರ. ಅಲ್ಲಿ ಅವನದೇನೂ ಇರಲಿಲ್ಲ, ರುಚಿಯಿಲ್ಲ, ಆಸೆಯಿಲ್ಲ, ಬೇರೆ ಯಾರದೋ ಚೀಲದ ಹಾಗೆ. ತುಟಿಯಿಂದ ಜಿಡ್ಡು ಗಲ್ಲಕ್ಕೆ ಇಳಿಯುತ್ತಿದ್ದುದೂ ಅವನಿಗೆ ತಿಳಿಯಲಿಲ್ಲ. ಹಾಲವ್ವನ ಬಾಯಲ್ಲಿ ಈಗ ಹಲ್ಲಿರಲಾರದು, ಅಗಿದೇ ಕೊಡಬೇಕಾದೀತು ಎನ್ನಿಸಿತು, ಹಾಗೆ ಕೊಡುವುದು ಹೇಗೆ ಎಂದು ಅನ್ನಿಸಲಿಲ್ಲ. ಎದ್ದು ನಡೆದ. “ಎಲ್ಲಿಗೋ?” ಎಂದಳು ದೊಡ್ಡಕ್ಕ. ಕೈಯಾಡಿಸಿದ. ಅಪ್ಪ ಇವನ ಉಬ್ಬಿದ ಕೆನ್ನೆಯನ್ನು ನೋಡಿದ. ಹಲ್ಲು ಕಿತ್ತ ಬಾವು ಎಂದುಕೊಂಡನೋ, ಅಲ್ಲವೋ, ಮುಖವನ್ನು ಕಾಗೆಗಳ ಕಡೆಗೆ ತಿರುಗಿಸಿದ.

ಬಾಗಿಲಲ್ಲಿ ಚಾಂಗ್ ಷೌ ಇದ್ದ. ಹೆಬ್ಬಾಗಿಲಿದ್ದಾಗ ಹೆಬ್ಬಾಗಿಲು ಕಾಯುತ್ತಿದ್ದವನು, ಈಗ ಇದನ್ನು ಕಾಯುತ್ತಾನೆ. ಕಿವಿ ಮಂದ, ಮೊಣಕಾಲು ಗಟ್ಟಿ. ಚಿಕ್ಕದೊರೆ ಬರುವುದನ್ನು ಕಂಡು ಅವನು ಬೆಂಚಿನಿಂದ ಎದ್ದು, ಅಂಗಿಯ ತೋಳು ಕೊಡವಿ, ಎಡಗಾಲು ಮುಂದಿಟ್ಟು, ಪೂರ್ತಿ ಕೆಳಗಿಳಿದ. “ಚಿಕ್ಕದೊರೆಗಳು ಕ್ಷೇಮವೇ?”

ಯೂಚೆನ್‌ನ ಕಾಲೂ ಮುಂದೆ ಹೋಯಿತು, ಮೊಣಕಾಲು ಬಗ್ಗಿತು. ತಲೆಯಾಡಿಸಿದ. ಮುದುಕ ಏಳಲಿಲ್ಲ. ಉತ್ತರ ಬಾರದೆ ಅವನು ಏಳುವಂತಿಲ್ಲ. ಕೇಳಿಸಲಿಲ್ಲವೇನೋ ಎಂದು ಕಿವಿಯನ್ನು ಮುಂದೆ ಚಾಚಿ, “ದೊಡ್ಡದೊರೆಗಳು ಕ್ಷೇಮವೇ? ಅಕ್ಕನೋರು ಕ್ಷೇಮವೇ?” ಎಂದ. ಬಗ್ಗಿದವನು ಬಗ್ಗಿಯೇ ಇದ್ದ. ಅರವತ್ತು ವರ್ಷ ಆ ಕಾಲು ಹಾಗೆ ಬಗ್ಗಿದೆ, ಒಂದು ಸಲವೂ ಉತ್ತರವಿಲ್ಲದೆ ಎದ್ದಿಲ್ಲ. ಹೊಸಿಲು ಒಂದು ಹೆಜ್ಜೆ ಆಚೆ ಇತ್ತು. ಗಾಡಿಯ ಕತ್ತೆಯ ಬಾಲ ಕಾಣುತ್ತಿತ್ತು. ಯೂಚೆನ್ ನುಂಗಿದ.

“ಕ್ಷೇಮ, ಚಾಂಗ್ ಷೌ” ಎಂದ. “ಎಲ್ಲರೂ ಕ್ಷೇಮ. ನೀನು ಕ್ಷೇಮವೇ?”

“ತಮ್ಮ ಪುಣ್ಯ, ತಮ್ಮ ಪುಣ್ಯ” ಎನ್ನುತ್ತ ಮುದುಕ ಕಂಬ ಹಿಡಿದು ಎದ್ದ. ಕೊಬ್ಬಿನ ತುಂಡು ಗಂಟಲಲ್ಲಿ ಇನ್ನೂ ಇಳಿಯುತ್ತಿತ್ತು. ಇಷ್ಟೇನಾ ಎಂದು ಯೂಚೆನ್ ಅಂದುಕೊಂಡ. ವಾಪಸು ಹೋಗಿ ಇನ್ನೊಂದು ತುಂಡು ತರಬಹುದಿತ್ತು. ಮತ್ತೆ ಇದೇ ಬಾಗಿಲು, ಮತ್ತೆ ಅದೇ ಮೊಣಕಾಲು. ಅವನು ಬರಿಬಾಯಲ್ಲಿ ಹೊಸಿಲು ದಾಟಿದ.

ಗಾಡಿಯಲ್ಲಿ ಹುಲ್ಲಿನ ಮೇಲೆ, ಹೊದಿಕೆಗಳ ನಡುವೆ, ತೀರ ಸಣ್ಣಗಾದ ಒಬ್ಬ ಮುದುಕಿ. ಕಣ್ಣಿನ ಮೇಲೆ ಕೆನೆ ಕಟ್ಟಿತ್ತು. ಷುವಾನ್‌ಜು ಕತ್ತೆಯ ಮೂಗು ಹಿಡಿದು ಆ ಕಡೆ ತಿರುಗಿ ನಿಂತಿದ್ದ.

“ಚಿಕ್ಕದೊರೆ ತಾನೆ? ನಡಿಗೆ ಹಾಗೇ ಇದೆ, ಕಾಲು ಎಳೆಯೋದು. ಬಾ, ಬಗ್ಗು.”

ಬಗ್ಗಿದ. ಅವಳ ಕೈ ಅವನ ಹಣೆ, ಮೂಗು, ಕಿವಿಯ ಮೇಲೆ ಓಡಾಡಿತು. “ಕೆನ್ನೆ ಊದಿದೆಯಲ್ಲೋ.”

“ಹಲ್ಲು, ಹಾಲವ್ವ. ಕೀಳಿಸ್ದೆ.”

“ಸಿಹಿ ತಿನ್ಬೇಡ ಅಂದ್ರೆ ಕೇಳ್ತಿದ್ಯಾ? ಒಳಗೆ ಚೆನ್ನಾಗಿ ತಿಂದ್ಯಾ?”

“ತಿಂದೆ.”

“ಹೊಟ್ಟೆ ತುಂಬ್ತಾ?”

ನಿನಗೆಂದು ತರುತ್ತಿದ್ದೆ, ನುಂಗಿಬಿಟ್ಟೆ ಎಂದು ಹೇಳಬೇಕಿತ್ತು. “ತುಂಬ್ತು” ಎಂದ. ನೀನು ಕೊಟ್ಟದ್ದು ದೊಡ್ಡ ಉಪಕಾರ ಎಂದು ಹೇಳಬೇಕಿತ್ತು. ತಿಂದವನು ಹೇಳಬಾರದು ಎಂದು ಕಲಿತ ಬಾಯಿ ಅದು, ತೆರೆಯಲಿಲ್ಲ. ಅವಳ ಹೆಬ್ಬೆರಳು ಅವನ ಗಲ್ಲಕ್ಕೆ ಬಂತು, ಅಲ್ಲಿ ಜಿಡ್ಡು ಸಿಕ್ಕಿ ನಿಂತಿತು. ಅದು ತುಟಿಯ ಎಡಭಾಗದ ಮೇಲೆ ನಿಧಾನವಾಗಿ, ನಡುವಿನಿಂದ ತುದಿಯವರೆಗೆ, ಹಿಂದೆ ಒರೆಸುತ್ತಿದ್ದಂತೆ ಒರೆಸಿತು. ಅದನ್ನು ಅವನು ಕಣ್ಣಿನಿಂದ ನೋಡಿದ, ಮುಟ್ಟಿದ್ದು ಗೊತ್ತಾಗಲಿಲ್ಲ. ಆಮೇಲೆ ಅವಳು ಆ ಹೆಬ್ಬೆರಳನ್ನು ತನ್ನ ಬಾಯೊಳಗಿಟ್ಟು ಚೀಪಿದಳು.

“ಹ್ಞಾ, ಇದೇ” ಎಂದಳು. “ಪಾಪಿಗಳು, ಒಂದು ಹರಳು ಉಪ್ಪು ಹಾಕಿಲ್ಲ.”

ಮೂಗು ಸುಕ್ಕಿಸಿ, ಒಂದು ಕಣ್ಣು ಮುಚ್ಚಿ, ಕುಳಿಬಿದ್ದ ಕೆನ್ನೆಯನ್ನು ಉಬ್ಬಿಸಿ ಅವಳು ಆ ಮುಖ ಮಾಡಿದಳು. ಮಾಡಿ, ಹಾಗೆಯೇ ಹಿಡಿದುಕೊಂಡು, ಇವನಿರುವ ಕಡೆಗೆ ಕಿವಿಯಿಟ್ಟು ಕಾದಳು.

“ನಗ್ತಾ ಇದ್ದೀಯೇನೋ?”

“ಹ್ಞೂ, ಹಾಲವ್ವ. ನಗ್ತಾ ಇದೀನಿ.”

“ಹಾಗಿದ್ರೆ ಸರಿ” ಎಂದು ಮುಖ ಸಡಿಲಿಸಿ ಹುಲ್ಲಿಗೆ ಒರಗಿದಳು. ಷುವಾನ್‌ಜು ನಾಲಿಗೆಯಿಂದ ಟಕ್ಕೆನ್ನಿಸಿದ, ಕತ್ತೆ ಹೊರಟಿತು. ಯಾರೂ ಹೋಗಿ ಬರುತ್ತೇನೆ ಅನ್ನಲಿಲ್ಲ. ಗಾಡಿ ಓಣಿಯ ಮೂಲೆ ತಿರುಗಿತು. ಯೂಚೆನ್ ಕೈಯನ್ನು ಅಂಗಿಯ ತೋಳಿನಿಂದ ಹೊರಗೆ ತೆಗೆದು ಬಾಯಿ ಮುಟ್ಟಿ ನೋಡಿಕೊಂಡ. ಬೆರಳಿಗೆ ತುಟಿ ಸಿಕ್ಕಿತು. ಅದು ನಗುತ್ತಿದೆಯೋ ಇಲ್ಲವೋ ಬೆರಳಿಗೆ ತಿಳಿಯಲಿಲ್ಲ.